ಸೋಡಾ ಗಾಡಿಯ ಎಂಜಿನ್ನೂ ಉಸ್ತಾದರ ಕಿವಿಯೂ

ಮುದಿ ಎಂಜಿನ್ನಿನ ಗಾಡಿ ಓಡಿಸುವವನು ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ದಿನವೂ ರಸ್ತೆ ಬದಿಯಲ್ಲಿ ಕಾದು ನಿಂತಿರುತ್ತವೆ. ನಡೆಯುವ ಹೊತ್ತಿಗೆ ಮಾತ್ರ ಒಂದಕ್ಕೂ ನಗು ಬರುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ರಾಯಚೂರಿನ ಒಂದು ಸೋಡಾ ಕಾರ್ಖಾನೆಯ ಪಿಕಪ್ ಗಾಡಿಗೆ ಡ್ರೈವರಾಗಿದ್ದೆ. ಗೋಲಿ ಸೋಡಾ ಬಾಟಲಿಗಳನ್ನು ಒಂದು ದಿನ ಮಾನ್ವಿಗೆ, ಒಂದು ದಿನ ದೇವದುರ್ಗಕ್ಕೆ ಮುಟ್ಟಿಸುವುದು ನನ್ನ ಕೆಲಸ. ಗಾಡಿಯದು ಹಳೆಯ ಪೆಟ್ರೋಲ್ ಎಂಜಿನ್. ಅದನ್ನೇ ಬಿಚ್ಚಿ ರಿಪೇರಿ ಮಾಡಿಸಬೇಕೋ, ತೆಗೆದುಹಾಕಿ ಹೈದರಾಬಾದಿನಿಂದ ಡೀಸೆಲ್ ಎಂಜಿನ್ ತಂದು ಕೂರಿಸಬೇಕೋ ಎಂಬ ಚರ್ಚೆ ಎರಡು ವರ್ಷ ನಡೆಯಿತು.

ಚರ್ಚೆ ಎಳೆದಾಡಿದ್ದಕ್ಕೆ ಕಾರಣ ನಮ್ಮ ಉಸ್ತಾದ್. ಕಾರ್ಖಾನೆಯ ಎದುರಿಗೆ ಅವರದೊಂದು ಪುಟ್ಟ ಗ್ಯಾರೇಜು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳಿ, ರೋಗ ಎಲ್ಲಿದೆ ಎಂದು ಹೇಳುತ್ತಿದ್ದರು. ಅವರು ಹೂಂ ಅನ್ನದೆ ಗಾಡಿಯ ಒಂದು ನಟ್ಟನ್ನೂ ಮುಟ್ಟಬಾರದು ಎಂಬುದು ಕಾರ್ಖಾನೆಯ ಮಾಲೀಕರಾದ ಸಾಹುಕಾರರ ತಂದೆಯ ಕಾಲದಿಂದ ಬಂದ ಕಟ್ಟಳೆ. ಯಾಪಲದಿನ್ನಿಯಿಂದ ಕೂಲಿ ಹುಡುಕಿಕೊಂಡು ಬಂದ ನನಗೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದವರೂ ಅವರೇ. ಉಸ್ತಾದರ ಕೈ ಪಳಗಿದ್ದು ಪೆಟ್ರೋಲ್ ಎಂಜಿನ್ನಿನಲ್ಲಿ ಮಾತ್ರ. ಅಂಥ ಗಾಡಿಗಳು ಊರಲ್ಲಿ ಒಂದೊಂದಾಗಿ ಕಣ್ಮರೆಯಾಗುತ್ತಿದ್ದವು. ನಮ್ಮದೂ ಡೀಸೆಲ್ ಆಗಿಬಿಟ್ಟರೆ ಆ ಗ್ಯಾರೇಜಿನ ಬಾಗಿಲು ತೆರೆಯುವ ಕಾರಣವೇ ಇರುತ್ತಿರಲಿಲ್ಲ.

೧. ಹೆಡ್ ಮಾಸ್ತರರ ಓಟ

ನಮ್ಮ ಗಾಡಿ ಒಮ್ಮೆ ಆಫ್ ಆದರೆ ತಾನಾಗಿ ಸ್ಟಾರ್ಟ್ ಆಗುತ್ತಿರಲಿಲ್ಲ, ತಳ್ಳಲೇಬೇಕು. ಮಾನ್ವಿಯ ಒಬ್ಬ ಹೆಡ್ ಮಾಸ್ತರರು ಬಸ್ಸು ತಪ್ಪಿದ ದಿನ ನನ್ನ ಪಕ್ಕದಲ್ಲಿ ಕೂತು ಬರುತ್ತಿದ್ದರು. ಹಣೆಗೆ ಅಂಗಾರ ಅಕ್ಷತೆ, ಕಚ್ಚೆ ಪಂಚೆ, ಕೋಟು. ಶಾಲೆಯಲ್ಲಿ ಅವರು ಕೆಮ್ಮಿದರೆ ಮಕ್ಕಳು ಎದ್ದು ನಿಲ್ಲುತ್ತಿದ್ದರಂತೆ.

ನೀರಮಾನ್ವಿ ದಾಟಿ ಮಾನ್ವಿ ಹತ್ತಿರವಾದಾಗ ಎಂಜಿನ್ ನಿಂತಿತು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ನಾನು ತಲೆ ಕೆರೆದುಕೊಂಡೆ. ಮಾಸ್ತರರು ಇಳಿದು, ಕೋಟು ಕಳಚಿ ಸೀಟಿನ ಮೇಲೆ ಮಡಿಚಿಟ್ಟು, ಹಿಂದೆ ಹೋಗಿ ತಳ್ಳಿದರು. ಎಂಜಿನ್ ಹತ್ತಿಕೊಂಡಿತು. ನಿಲ್ಲಿಸಿದರೆ ಮತ್ತೆ ಆಫ್ ಆಗುತ್ತದೆ, ನಿಲ್ಲಿಸದಿದ್ದರೆ ಅವರು ಹತ್ತುವ ಹಾಗಿಲ್ಲ. "ಓಡಿ ಬರ್ರೀ ಸರ!" ಎಂದು ಕೂಗಿದೆ. ಅವರು ಪಂಚೆ ಎತ್ತಿ ಹಿಡಿದು ಓಡಿದರು. ಅಂತೂ ಅವರು ಬಾಗಿಲು ಹಿಡಿದು ಹತ್ತಿದ್ದು ಶಾಲೆಯ ಗೇಟಿನ ಎದುರಿಗೆ. ಪ್ರಾರ್ಥನೆಗೆ ಸಾಲಾಗಿ ನಿಂತಿದ್ದ ಮಕ್ಕಳೆಲ್ಲ ನೋಡುತ್ತಿದ್ದರು.

ಏದುಸಿರು ಬಿಡುತ್ತ ಕೋಟು ಹಾಕಿಕೊಂಡು ಮಾಸ್ತರರು ಹೇಳಿದರು: "ಇಲ್ಲೇ ಇಳೀಬೇಕಿತ್ತಲ್ಲಪಾ, ಮತ್ತ ಯಾಕ ಹತ್ತಿದೆ ನಾನು?"

೨. ದೇವದುರ್ಗದ ಸೊಳ್ಳೆಗಳು

ಆ ಎಂಜಿನ್ ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುತ್ತಿತ್ತು. ಹೊಗೆ ಎಷ್ಟೆಂದರೆ, ಹಿಂದೆ ಬರುವ ಎತ್ತಿನ ಗಾಡಿಯವರು ಮೊದಲೇ ಇಳಿದು ಮರದಡಿ ಕೂತು ಬೀಡಿ ಹಚ್ಚುತ್ತಿದ್ದರು. ದೇವದುರ್ಗದ ಹೋಟೆಲಿನವನೊಬ್ಬ ಮಾತ್ರ ನಮ್ಮ ಗಾಡಿಯನ್ನು ಪ್ರೀತಿಯಿಂದ ಕಾಣುತ್ತಿದ್ದ. "ಹೋಟೆಲ್ ಹಿಂದಿನ ಗಟಾರದ ಕಡೆ ಮುಕುಳಿ ಮಾಡಿ ಐದು ಮಿನಿಟ್ ನಿಲ್ಲಸ್ರೀ" ಎನ್ನುತ್ತಿದ್ದ. ಹಾಗೆ ನಿಲ್ಲಿಸಿದರೆ ನನಗೊಂದು ಚಹಾ.

ಎಂಜಿನ್ ರಿಪೇರಿ ಮಾಡಿಸುವ ಸುದ್ದಿ ಅವನಿಗೆ ಹೇಗೆ ಮುಟ್ಟಿತೋ, ಬಸ್ಸು ಹತ್ತಿ ರಾಯಚೂರಿಗೆ ಬಂದು ಸಾಹುಕಾರರ ಎದುರು ಕೈಮುಗಿದು ನಿಂತ. "ಸಾಹುಕಾರ್ರ, ಅದನ್ನ ರಿಪೇರಿ ಮಾತ್ರ ಮಾಡಸಬ್ಯಾಡ್ರಿ. ನಮ್ಮ ಓಣಿ ಮಂದಿ ಎರಡು ವರ್ಷದಿಂದ ಜ್ವರ ಇಲ್ದಂಗ ಅದಾರ."

೩. ಕಿವಿ ಕೊಟ್ಟು ಕೇಳಿದ್ದು

ಒಂದು ಬೆಳಿಗ್ಗೆ ಸಾಹುಕಾರರು ಗಟ್ಟಿ ಮನಸ್ಸು ಮಾಡಿ ಉಸ್ತಾದರನ್ನು ಕರೆಸಿದರು. "ಇವತ್ತು ಒಂದು ಮಾತು ಹೇಳಿಬಿಡ್ರಿ. ರಿಪೇರಿನೋ, ಬದಲೀನೋ?"

ನಾಲ್ಕು ಜನ ತಳ್ಳಿ ಎಂಜಿನ್ ಹತ್ತಿಸಿದೆವು. ಉಸ್ತಾದ್ ಸ್ಕ್ರೂಡ್ರೈವರ್ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಎಂಜಿನ್ ಎರಡು ಸಲ ಬಿಕ್ಕಳಿಸಿ ನಿಂತೇಹೋಯಿತು. ನಾನು ಬಾಯಿ ತೆರೆಯಬೇಕು ಎನ್ನುವಾಗ ಸಾಹುಕಾರರು ನನ್ನ ಕೈ ಹಿಡಿದರು. ಉಸ್ತಾದ್ ಕಣ್ಣು ತೆರೆದಿರಲಿಲ್ಲ. ವಯಸ್ಸಾಗಿ ಅವರ ಕೈ ಸದಾ ನಡುಗುತ್ತಿತ್ತು, ಕೈಯೊಳಗಿನ ಸ್ಕ್ರೂಡ್ರೈವರೂ ನಡುಗುತ್ತಿತ್ತು. ಆ ನಡುಕವನ್ನೇ ಅವರು ಎಂಜಿನ್ ಎಂದುಕೊಂಡಿದ್ದರು.

ತುಂಬ ಹೊತ್ತಿನ ಮೇಲೆ ಮುಗುಳ್ನಕ್ಕು ಹೇಳಿದರು: "ಮಾಲಕ್, ಇದಕ್ಕ ಏನೂ ಆಗಿಲ್ಲ. ಗಡಿಯಾರದಂಗ ನಡ್ಯಾಕತ್ತದ."

ನಿಂತ ಎಂಜಿನ್ನಿನ ಎದುರು ಸಾಹುಕಾರರು ತಲೆ ಬಾಗಿಸಿ "ಹಂಗಾದ್ರ ನಡೀಲಿ ಬಿಡ್ರಿ" ಎಂದು ಜೋರಾಗಿ ಹೇಳಿದರು. ಉಸ್ತಾದ್ ಹೋದ ಮೇಲೆ ನನ್ನ ಕಡೆ ತಿರುಗಿ, "ಯಾರ ಮುಂದೂ ಬಾಯಿ ಬಿಡಬ್ಯಾಡ" ಅಂದರು. ಕಿವಿಯಿಂದ ಬದುಕಿದ ಮನುಷ್ಯನ ಕಿವಿ ಹೋಗಿದೆ ಎಂದು ಗೊತ್ತಾದಾಗ ನನಗೆ ಅಳು ಬಂದಿತ್ತು. ಆದರೆ ಆ ಗಡಿಯಾರವನ್ನು ಅವತ್ತು ಮಾನ್ವಿ ತನಕ ತಳ್ಳಿದವನು ನಾನು.

೪. ಗುಟ್ಟಿನ ಮಾತು

ಕೊನೆಗೆ ಎಂಜಿನ್ನೇ ತೀರ್ಮಾನ ಮಾಡಿತು. ದೇವದುರ್ಗದ ದಾರಿಯಲ್ಲಿ ಒಳಗಿನ ರಾಡು ಮುರಿದು, ಎಂಜಿನ್ನಿನ ಗೋಡೆಯನ್ನೇ ಒಡೆದುಕೊಂಡು ಹೊರಗೆ ಬಂತು. ಇನ್ನು ರಿಪೇರಿಯ ಮಾತೇ ಇಲ್ಲ, ಹೈದರಾಬಾದಿಗೆ ಹೋಗಲೇಬೇಕು. ಇದನ್ನು ಉಸ್ತಾದರಿಗೆ ಮೆಲ್ಲಗೆ, ಮನಸ್ಸು ನೋಯದಂತೆ, ನಾಲ್ಕು ಜನರ ಕಿವಿಗೆ ಬೀಳದಂತೆ ತಿಳಿಸಿ ಬಾ ಎಂದು ಸಾಹುಕಾರರು ನನ್ನನ್ನು ಕಳಿಸಿದರು.

ಮೆಲ್ಲಗೆ ಹೇಳಿದೆ. ಉಸ್ತಾದ್ "ಆ?" ಎಂದರು. ಸ್ವಲ್ಪ ಏರಿಸಿ ಹೇಳಿದೆ. "ಆ?" ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದೆ. ಪಕ್ಕದ ಟೇಲರ್ ಮಶೀನು ನಿಂತಿತು, ಎದುರಿನ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡದವನು ಎದ್ದು ಹೊರಗೆ ಬಂದ. ಇಡೀ ಓಣಿಗೆ ತಿಳಿದ ಮೇಲೆ ಉಸ್ತಾದರಿಗೂ ತಿಳಿಯಿತು.

ಅವರು ಕೈಯ ಚಿಂದಿ ಬಟ್ಟೆಯನ್ನು ಮಡಿಚಿಟ್ಟರು. "ಡೀಸೆಲ್ದು ನಂಗೇನು ಗೊತ್ತು, ಬೇಟಾ" ಎಂದಷ್ಟೇ ಹೇಳಿ ಗ್ಯಾರೇಜಿನ ಬಾಗಿಲು ಎಳೆದುಕೊಂಡರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಗುಟ್ಟು ಹೇಳುವವರ ಹಾಗೆ, "ಇದನ್ನ ಯಾರ ಮುಂದೂ ಹೇಳಬ್ಯಾಡ" ಅಂದರು.

೫. ಹೊಸ ಎಂಜಿನ್

ಡೀಸೆಲ್ ಎಂಜಿನ್ ಬಂತು, ಹೈದರಾಬಾದಿನ ಫಿಟ್ಟರು ಅದನ್ನು ಕೂರಿಸಿಯೂ ಆಯಿತು. ಕಾರ್ಖಾನೆಯ ಅಂಗಳದಲ್ಲಿ ಚಾವಿ ತಿರುಗಿಸಿದಾಗ ಕ್ರೇಟುಗಳಲ್ಲಿದ್ದ ಬಾಟಲಿಗಳ ಗೋಲಿಗಳೆಲ್ಲ ಒಟ್ಟಿಗೆ ಕುಣಿದವು. ತಗಡಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು, ಆ ವಾರವೆಲ್ಲ ತಿರುಗಿ ಬರಲಿಲ್ಲ. ಸಾಹುಕಾರರು ಎರಡೂ ಕಿವಿ ಮುಚ್ಚಿಕೊಂಡು ನಿಂತರು. ಆದರೂ ಉಸ್ತಾದ್ ಹೂಂ ಅನ್ನದೆ ಗಾಡಿ ಗೇಟು ದಾಟುವಂತಿರಲಿಲ್ಲ. ಬಾಗಿಲು ಹಾಕಿ ಕೂತವರನ್ನು ಕರೆಯಲು ಸಾಹುಕಾರರು ತಾವೇ ಹೋದರು.

ಉಸ್ತಾದ್ ಒಲ್ಲದ ಮನಸ್ಸಿನಿಂದ ಬಂದರು. ಶಾಸ್ತ್ರಕ್ಕೆಂಬಂತೆ ಸ್ಕ್ರೂಡ್ರೈವರ್ ಒತ್ತಿ ಕಿವಿಗೆ ಆನಿಸಿದವರು, ಬೆಚ್ಚಿ ಅದನ್ನು ಹಿಂದಕ್ಕೆ ತೆಗೆದರು. ಸ್ಕ್ರೂಡ್ರೈವರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಮತ್ತೆ ಆನಿಸಿದರು. ಒಂದನೆಯ ಸಿಲಿಂಡರ್, ಎರಡನೆಯದು, ಮೂರನೆಯದು. ಅಲ್ಲಿ ನಿಂತರು.

"ಮೂರನೇದ್ರಾಗ ಕುಟ್ತದ!"

ಫಿಟ್ಟರು ನಕ್ಕ. ನಗುತ್ತಲೇ ಬಿಚ್ಚಿ ನೋಡಿದ. ಮೂರನೆಯ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಕೆಟ್ಟಿತ್ತು. ಅವನು ನಗು ನಿಲ್ಲಿಸಿ, ಬೇರೆ ನಾಜಲ್ ಹಾಕಿ, ಉಸ್ತಾದರ ಕಾಲು ಮುಟ್ಟಿದ. ಎಂಜಿನ್ ಮತ್ತೆ ಹತ್ತಿಕೊಂಡಿತು. ಉಸ್ತಾದ್ ಸ್ಕ್ರೂಡ್ರೈವರನ್ನು ಕಿವಿಯಿಂದ ಕೆಳಗಿಳಿಸಲೇ ಇಲ್ಲ. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಪಕ್ಕದಲ್ಲೇ ಇದ್ದ ನನಗೆ ಮಾತ್ರ ಅವರ ಮಾತು ಕೇಳಿಸಿತು.

"ಎರಡು ವರ್ಷದಿಂದ ನೀವು ಯಾರೂ ನನ್ನ ಕೂಡ ಬಾಯಿ ಬಿಟ್ಟು ಮಾತಾಡಿಲ್ಲ, ಬೇಟಾ. ಇದೊಂದಾ ನೋಡು, ಸರಿಯಾಗಿ ಮಾತಾಡಾಕತ್ತದ. ಹೂಂ, ನಡೀಲಿ ಗಾಡಿ!"

ಅತ್ತ ಕಡೆ ನಿಂತಿದ್ದ ಸಾಹುಕಾರರು ಕಿವಿ ಮುಚ್ಚಿಕೊಂಡೇ ನನ್ನ ಕಡೆ ಬಗ್ಗಿ, "ಆ? ಏನಂದ್ರಲೇ?" ಎಂದು ಕೂಗಿದರು.