ಖೂಬಾ ಪ್ಲಾಟಿನ ಮತ್ಸ್ಯಾವತಾರ

ಭಾನುವಾರ ಬೆಳಿಗ್ಗೆ ಏಳೂವರೆಗೆ ಖೂಬಾ ಪ್ಲಾಟ್ ಕಾಲನಿಯ ದೇವೀಂದ್ರಪ್ಪ ಮಾಸ್ತರರ ಮನೆಯ ನೀರೆತ್ತುವ ಮೋಟಾರು ಗರ್ ಅಂದಿತು, ಗೊರ್ ಅಂದಿತು, ಆಮೇಲೆ ಕಫ ಕಟ್ಟಿದ ಮುದುಕನಂತೆ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೈಗೆಲ್ಲ ಸಾಬೂನು ಹಚ್ಚಿಕೊಂಡು ಬಚ್ಚಲಲ್ಲಿ ನಿಂತಿದ್ದ ಮಾಸ್ತರರು ಟವೆಲ್ಲು ಸುತ್ತಿಕೊಂಡು ಅಂಗಳಕ್ಕೆ ಬಂದರು, ಮೊಣಕಾಲೂರಿ ಕೂತು ಸಂಪಿನ ಮುಚ್ಚಳ ಎತ್ತಿದರು. ಒಳಗಿನಿಂದ ಮೀಸೆಯಿದ್ದ ಮುಖವೊಂದು ಅವರನ್ನು ನೋಡಿತು.

ಮಾಸ್ತರರು ಮುಚ್ಚಳ ಮುಚ್ಚಿದರು. ಮತ್ತೆ ತೆಗೆದರು. ಮುಖ ಅಲ್ಲೇ ಇತ್ತು. ಅದರ ಹಿಂದೆ ಮೊಳಕೈಯಿಂದ ಬೆರಳ ತುದಿವರೆಗಿನಷ್ಟು ಉದ್ದದ ಕಪ್ಪು ಮೈಯೂ ಇತ್ತು.

ಅವರಿಗೆ ತಕ್ಷಣ ಎಲ್ಲವೂ ಅರ್ಥವಾಯಿತು. ಕಮಲಾಪುರದ ಸರಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ಅವರು, ಹೋದ ಸೆಪ್ಟೆಂಬರಿನಲ್ಲಿ ಡೆಂಗಿ ಹಬ್ಬಿದಾಗ ರಸ್ತೆ ಬದಿಯ ಹೊಂಡದಿಂದ ಕರವಸ್ತ್ರದಲ್ಲಿ ಹನ್ನೊಂದು ಮರಿಮೀನು ಹಿಡಿದು ತಂದಿದ್ದರು. "ಇವು ಸೊಳ್ಳಿ ಮೊಟ್ಟಿ ತಿನ್ನೂ ಮೀನ್ರಿ" ಎಂದು ಓಣಿಗೆಲ್ಲ ಭಾಷಣ ಮಾಡಿ ಸಂಪಿಗೆ ಬಿಟ್ಟಿದ್ದರು. ಹನ್ನೊಂದರಲ್ಲಿ ಒಂದು ಬೇರೆ ಜಾತಿಯದಾಗಿತ್ತು. ಉಳಿದ ಹತ್ತು ಎಲ್ಲಿ ಹೋದವೆಂದು ಈಗ ಕೇಳುವ ಅಗತ್ಯವಿರಲಿಲ್ಲ.

ಬೇರೆ ಯಾವ ದಿನವಾದರೂ ಇದು ನಗುವ ಸಂಗತಿ. ಆದರೆ ಹಿಂದಿನ ಸಂಜೆಯಷ್ಟೇ ಕಾಲನಿಯ ಸಭಾಭವನದಲ್ಲಿ ಮತ್ಸ್ಯಾವತಾರದ ಮೇಲೆ ಅರುಣಕುಮಾರನ ಪ್ರವಚನವಾಗಿತ್ತು. ಅರುಣಕುಮಾರ ವಿಮಾ ಏಜೆಂಟ. ಲೋಕದ ಸಕಲ ಅನಾಹುತಗಳ ಮೇಲೂ ಅವನಿಗೆ ವೃತ್ತಿಯಿಂದ ಬಂದ ಗೌರವವಿತ್ತು. ಪ್ರಳಯವೆಂದರೆ ಕಟ್ಟುಕತೆಯಲ್ಲ, ಅಕ್ಷರ ಅಕ್ಷರ ನಡೆದ ಸಂಗತಿ ಎಂಬುದು ಅವನ ವಾದ. ರಾಜನ ಬೊಗಸೆಗೆ ಬಂದ ಮರಿಮೀನು ಕಮಂಡಲು ತುಂಬಿತು, ಕೊಡ ತುಂಬಿತು, ಕೆರೆ ತುಂಬಿತು, ಕಡೆಗೆ ಸಮುದ್ರದಲ್ಲಿ ಸಪ್ತರ್ಷಿಗಳಿದ್ದ ದೋಣಿ ಎಳೆಯಿತು ಎಂದು ಅವನು ಇಂಚುಪಟ್ಟಿ ಹಿಡಿದು ಅಳೆದವನಂತೆ ಹೇಳಿದ್ದ.

ಮಾಸ್ತರರು ಎದ್ದು ನಿಂತು ಕೇಳಿದ್ದರು: "ಹಿಮಾಲಯ ಮುಳಗಬೇಕಂದ್ರ ಅಷ್ಟು ನೀರು ಎಲ್ಲಿಂದ ಬಂತ್ರಿ? ಬಂದದ್ದು ಎಲ್ಲಿಗಿ ಹೋತು?"

"ಭೂಮ್ಯಾಗ ಇಂಗ್ಯದ ಸರ."

"ಇಂಗಿದ್ರ ನಮ್ಮ ಕಾಲನಿ ಬೋರು ಏಳನೂರು ಫೂಟ್ ಹೋದ್ರೂ ಯಾಕ ಧೂಳ ಉಗಳತದ? ಹೊಳಿ ದಂಡಿ ಜನ ತಮ್ಮೂರು ಮುಳಗಿದ್ದು ನೋಡಿ ಲೋಕನೇ ಮುಳಗ್ತು ಅಂದಾರ. ಅವರ ದುಃಖ ಖರೆ, ಲೆಕ್ಕ ಖರೆ ಅಲ್ಲ. ಮತ್ತ ಆ ಮೀನು! ಸಣ್ಣದು ಇದ್ದದ್ದು ನೋಡ್ತ ನೋಡ್ತ ಅಷ್ಟು ದೊಡ್ಡದು ಆಗ್ತದಂದ್ರ, ಒಂದು ತೋರಸ್ರಿ ನೋಡಮು!"

ಜನ ನಕ್ಕಿದ್ದರು. ಅರುಣಕುಮಾರ ಮಾತ್ರ ನಕ್ಕಿರಲಿಲ್ಲ.

ಈಗ ಮಾಸ್ತರರು ಮುಚ್ಚಳವನ್ನು ಮೆಲ್ಲಗೆ ಎಳೆಯುತ್ತಿರುವಾಗ ಎದುರು ಮನೆಯ ಕಟ್ಟೆಯಿಂದ ಶಿವಕಾಂತಮ್ಮ ಕೂಗಿದಳು. ಎಪ್ಪತ್ತು ದಾಟಿದ ಆಕೆಗೆ ಕಾಲು ನೋವಿತ್ತು, ಮಂಡಿ ನೋವಿತ್ತು. ಕಣ್ಣಿಗೆ ಯಾವ ದೋಷವೂ ಇರಲಿಲ್ಲ.

"ದೇವೀಂದ್ರಪ್ಪಾ, ಬರೇ ಮೈಯಾಗ ಸಂಪಿಗಿ ನಮಸ್ಕಾರ ಯಾಕ ಹಾಕ್ಲಕತ್ತೀ ತಮ್ಮಾ?"

"ನಮಸ್ಕಾರ ಅಲ್ಲಮ್ಮ, ಮೋಟಾರ್ ಕೆಟ್ಟದ."

ಅಷ್ಟರಲ್ಲಿ ಆಕೆ ಬಂದು ಬಗ್ಗಿ ನೋಡಿಯಾಗಿತ್ತು. ಮೀನು ಬಾಲ ಬಡಿಯಿತು. ಶಿವಕಾಂತಮ್ಮ ಹಾಕಿದ ಕೂಗಿಗೆ ಮೂರು ಓಣಿಗಳ ಹಲ್ಲುಜ್ಜುವಿಕೆ ನಿಂತುಹೋಯಿತು.

ಹತ್ತೇ ನಿಮಿಷದಲ್ಲಿ ಅಂಗಳ ತುಂಬಿತು. ಅರುಣಕುಮಾರ ಪಂಚೆ ಉಟ್ಟು ಸಿದ್ಧನಾಗಿಯೇ ಬಂದ. ಸಂಪಿನೊಳಗೆ ನೋಡಿದ, ಮಾಸ್ತರರ ಮುಖ ನೋಡಿದ, ಆಮೇಲೆ ಜನರತ್ತ ತಿರುಗಿ ಎರಡೂ ಕೈ ಮೇಲೆತ್ತಿದ. "ತೋರಸ್ರಿ ಅಂದ್ರಲ್ಲ ಸರ? ಅಂವಾ ಬ್ಯಾರೆ ಯಾರ ಮನಿಗೂ ಹೋಗಲಿಲ್ಲ. ನೆಟ್ಟಗ ನಿಮ್ಮ ಮನಿಗೇ ಬಂದಾನ!"

"ಇದು ಕ್ಯಾಟ್‌ಫಿಶ್ ರೀ! ನಾನೇ ಸೆಪ್ಟೆಂಬರ್‌ದಾಗ ಬಿಟ್ಟೀನಿ!"

"ಕೇಳಿದ್ರ್ಯಾ?" ಎಂದ ಅರುಣಕುಮಾರ. "ಮರಿ ಇದ್ದಾಗ ಮಾಸ್ತರ ಕೈಯಾಗೇ ಬಂದಾನ. ಕಥಿಯಾಗ ಬರದಂಗೇ!"

ಮಾಸ್ತರರು ಸತ್ಯ ಹೇಳಿದಷ್ಟೂ ಪುರಾಣ ಗಟ್ಟಿಯಾಗುತ್ತಿತ್ತು. ಯಾರೋ ಹಾಲು ಸುರಿದರು, ಯಾರೋ ಅರಿಶಿನ ಕುಂಕುಮ ಎಸೆದರು. ನಾಲ್ಕು ದಿನಕ್ಕೊಮ್ಮೆ ಬರುವ ನಲ್ಲಿ ನೀರನ್ನು ಹನಿಹನಿ ಲೆಕ್ಕ ಹಾಕಿ ಬಳಸುತ್ತಿದ್ದ ಮಾಸ್ತರರ ಹೆಂಡತಿ ಸುನಂದಾ ಬಾಗಿಲಲ್ಲಿ ನಿಂತು, ಸಂಪು ತುಂಬ ಕೆಂಪು ಸಾರಾದದ್ದನ್ನು ನೋಡಿದಳು.

"ಏನ್ರಿ, ನಿಮ್ಮ ವಿಜ್ಞಾನ ಮುಗೀತೋ, ಇನ್ನಾ ಅದನೋ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಈ ನಡುವೆ ದೋಣಿಯಲ್ಲಿ ಹೋಗಬೇಕಾದ ಸಪ್ತರ್ಷಿಗಳು ಯಾರೆಂಬ ಪ್ರಶ್ನೆ ಎದ್ದು, ಕಾಲನಿಯ ಒಂಬತ್ತು ಜನ ನಿವೃತ್ತರು ಏಳು ಜಾಗಕ್ಕೆ ಮುಂದೆ ಬಂದರು. ತಪಸ್ಸು ಎಷ್ಟು ವರ್ಷ ಎಂದು ಕೇಳಿದರೆ ಸರ್ವಿಸ್ ಎಷ್ಟು ವರ್ಷ ಎಂದು ಹೇಳುತ್ತಿದ್ದರು. "ಹೆಣ್ಮಕ್ಕಳ ಹೆಸರೇ ಇಲ್ಲಲ್ಲೋ, ದೋಣ್ಯಾಗ ರೊಟ್ಟಿ ಯಾರು ಬಡೀತಾರ?" ಎಂದು ಶಿವಕಾಂತಮ್ಮ ಕೇಳಿದ್ದಕ್ಕೆ ಒಂಬತ್ತು ಋಷಿಗಳೂ ಒಟ್ಟಿಗೇ ಸಂಪಿನೊಳಗೆ ಇಣುಕತೊಡಗಿದರು.

ಮೀನನ್ನು ದೊಡ್ಡ ನೀರಿಗೆ ಬಿಡಬೇಕೆಂದು ಅರುಣಕುಮಾರ ತೀರ್ಪು ಕೊಟ್ಟ. ಆದರೆ ಆ ದೇವರನ್ನು ಕೈಯಿಂದ ಮುಟ್ಟಲು ಓಣಿಯಲ್ಲಿ ಒಬ್ಬ ಭಕ್ತನೂ ತಯಾರಿರಲಿಲ್ಲ. ಮೀನು ಮುಟ್ಟಿದರೆ ಮೈಲಿಗೆಯಾಗುತ್ತಿತ್ತು. ಕಡೆಗೆ ಮೋಮಿನಪುರದಲ್ಲಿ ಗಾಜಿನ ಪೆಟ್ಟಿಗೆ, ಬಣ್ಣದ ಮೀನು ಮಾರುವ ಸೊಹೇಲ್‌ಗೆ ಫೋನು ಹೋಯಿತು. ಅವನು ತನ್ನ ಗೂಡ್ಸ್ ಆಟೋದಲ್ಲಿ ನೀಲಿ ಡ್ರಮ್ಮು, ಬಲೆ ತಂದ. ಒಮ್ಮೆ ನೋಡಿ ಮಾಸ್ತರರ ಕಿವಿಯಲ್ಲಿ ಹೇಳಿದ: "ಸರ, ಇದು ಮಾಂಗೂರ್ ಅದ. ಸರಕಾರದವರು ಇದನ್ನ ಸಾಕೂದು ಬಂದ್ ಮಾಡ್ಯಾರ. ಕೆರಿಯಾಗ ಬಿಟ್ರ ಉಳಿದ ಮೀನೆಲ್ಲಾ ಖತಂ. ನನಗ ಕೊಟ್ಟುಬಿಡ್ರಿ, ಮಣ್ಣಾಗ ಹೂತು ಬರ್ತೀನಿ."

"ದಾರಿಯಾಗ ಕೊಡ್ತೀನಿ. ಈಗ ಸುಮ್ನಿರು," ಎಂದರು ಮಾಸ್ತರರು.

ಅವರ ಉಪಾಯ ಸರಳವಾಗಿತ್ತು. ತಾನೊಬ್ಬನೇ ಕಮಲಾಪುರದ ಕೆರೆಗೆ ಬಿಟ್ಟು ಬರುವುದಾಗಿ ಹೇಳುವುದು, ಊರ ಹೊರಗೆ ಸೊಹೇಲ್‌ಗೆ ಒಪ್ಪಿಸುವುದು, ಸಂಜೆ ಮನೆಗೆ ಬಂದು ಸಂಪು ತೊಳೆಯುವುದು. ಆದರೆ ಅವರು ಸಾಬೂನು ಮೈಮೇಲೇ ಅಂಗಿ ಪ್ಯಾಂಟು ತೊಟ್ಟು ಆಟೋ ಹತ್ತುವಷ್ಟರಲ್ಲಿ ಡ್ರಮ್ಮಿನ ಒಂದು ಬದಿಗೆ ಅರುಣಕುಮಾರ, ಇನ್ನೊಂದು ಬದಿಗೆ ಗಂಟೆ ಹಿಡಿದ ಶಿವಕಾಂತಮ್ಮ ಕೂತಾಗಿತ್ತು. ಹಿಂದೆ ಎಂಟು ಸ್ಕೂಟರುಗಳು ಹೊಗೆ ಬಿಡುತ್ತ ನಿಂತಿದ್ದವು.

ಹುಮನಾಬಾದ ರಸ್ತೆಯುದ್ದಕ್ಕೂ ಗಂಟೆ ಮೊಳಗುತ್ತಲೇ ಇತ್ತು. ಪ್ರತಿ ಉಬ್ಬಿಗೂ ಡ್ರಮ್ಮಿನ ನೀರು ಎಗರಿ ಮಾಸ್ತರರ ತೊಡೆಯ ಮೇಲೆ ಬೀಳುತ್ತಿತ್ತು.

"ನಮ್ಮ ಗಲ್ಲಿಯಾಗೂ ಒಬ್ಬ ಮಾಮು ಅದಾನ ಸರ," ಎಂದ ಸೊಹೇಲ್ ಮುಂದಿನಿಂದ. "ಪ್ರಳಯದಾಗ ನೂಹ್ ಪೈಗಂಬರರ ಕಶ್ತಿ, ಆ ದೋಣಿ, ಎಷ್ಟು ಗಜ ಇತ್ತು ಅಂತ ದಿನಾ ಜಗಳಾಡ್ತಾನ. ಅವರು ಹೇಳಿದ್ದು ಚಂದಾಗಿ ಇರ್ರಿ ಅಂತ. ಈ ಮಾಮು ಅದೊಂದು ಬಿಟ್ಟು ಉಳಿದದ್ದೆಲ್ಲಾ ಗಜಕಡ್ಡಿ ಹಿಡಿದು ನಾಪ್ ಮಾಡ್ಯಾನ."

ಮಾಸ್ತರರಿಗೆ ಆ ದಿನ ಕೇಳಿದ ಮೊದಲ ಬುದ್ಧಿಯ ಮಾತು ಅದಾಗಿತ್ತು.

ಕಮಲಾಪುರದ ಕೆರೆ ಏರಿಯ ಮೇಲೆ ಮೀನುಗಾರರ ಸಂಘದ ಅಧ್ಯಕ್ಷ ಅಮೋಘಸಿದ್ದ ಕೂತು ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದ. ಗಂಟೆ, ಡ್ರಮ್ಮು, ಸ್ಕೂಟರುಗಳನ್ನು ನೋಡಿ ಎದ್ದು ಬಂದ.

"ಡ್ರಮ್ಮಿನ್ಯಾಗ ಏನದ್ರಿ?"

"ದೇವರು," ಎಂದಳು ಶಿವಕಾಂತಮ್ಮ.

"ಮೀನು," ಎಂದರು ಮಾಸ್ತರರು.

ಅಮೋಘಸಿದ್ದ ಇಣುಕಿದ. ಬಾಯಲ್ಲಿದ್ದ ಹಣ್ಣು ಅಲ್ಲೇ ನಿಂತಿತು. "ಮಾಂಗೂರ್! ಹೋದ ತಿಂಗಳ ಇದೇ ಕೆರಿಗಿ ಇಪ್ಪತ್ತು ಸಾವಿರ ಮರಿ ಬಿಟ್ಟೀವಿ. ನಲವತ್ತು ಮನಿ ಹೊಟ್ಟಿ ಅದು. ಇದನ್ನ ಯಾರು ಸಾಕ್ಯಾರ?"

ಎಲ್ಲ ಬೆರಳುಗಳೂ ಒಮ್ಮೆಗೇ ಮಾಸ್ತರರತ್ತ ತಿರುಗಿದವು. ಪುಣ್ಯ ಹಂಚಿಕೊಳ್ಳಲು ಬೆಳಿಗ್ಗೆಯಿಂದ ನೂಕಾಡುತ್ತಿದ್ದ ಭಕ್ತರು ಈಗ ಅದನ್ನು ಪೂರ್ತಿಯಾಗಿ ಒಬ್ಬರಿಗೇ ಬಿಟ್ಟುಕೊಟ್ಟರು.

"ನೀವು ನಮ್ಮ ಹೈಸ್ಕೂಲ್ ಸೈನ್ಸ್ ಸರ ಅಲ್ಲೇನ್ರಿ?" ಅಮೋಘಸಿದ್ದ ಫೋನು ತೆಗೆದ. "ಸರಕಾರಿ ನೌಕರಿ ಮಾಡ್ಕೋತ ಬಂದ್ ಮಾಡಿದ ಮೀನು ಸಾಕಿ, ನಮ್ಮ ಕೆರಿಗಿ ಬಿಡಲಾಕ ಬಂದೀರಿ. ಪೊಲೀಸರು ಬರಲಿ. ಹಾಂಗೇ ಮೀನುಗಾರಿಕಿ ಸಾಹೇಬರೂ ಬರಲಿ."

ಕೇಸು, ಅಮಾನತು, ಸುನಂದಾಳ ಮುಖ, ಮೂರೂ ಒಂದರ ಹಿಂದೊಂದು ಮಾಸ್ತರರ ಕಣ್ಣ ಮುಂದೆ ಹಾದವು. ಹೆಡ್‌ಮಾಸ್ತರ ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರು ಮೇಲಿಂದ ಎರಡನೆಯದು.

"ಫೋನ್ ಹಚ್ಚಬ್ಯಾಡ್ರಿ," ಎಂದರು. "ಇದು ಮಾಂಗೂರ್ ಅಲ್ಲ."

"ಮತ್ತೇನು?"

ಗ್ರಹಣದ ದಿನ ಮಕ್ಕಳ ಮುಂದೆ ಮಂಡಕ್ಕಿ ತಿಂದು ತೋರಿಸಿದ್ದ ಮನುಷ್ಯ, ಬೆಕ್ಕು ಅಡ್ಡ ಬಂದರೆ ಬೇಕೆಂದೇ ಮುಂದೆ ನಡೆದಿದ್ದ ಮನುಷ್ಯ, ತಲೆ ತಗ್ಗಿಸಿ ತನ್ನ ಚಪ್ಪಲಿಗೆ ಹೇಳಿದಂತೆ ಹೇಳಿದ: "ದೇವರು."

"ಜೋರಾಗಿ ಹೇಳ್ರಿ."

"ಮತ್ಸ್ಯಾವತಾರ್ರಿ! ಪ್ರಳಯದ ಮೀನು!"

ಎಂಟು ಸ್ಕೂಟರುಗಳವರು ಎಂಟು ಮೊಬೈಲುಗಳಲ್ಲಿ ಅದನ್ನು ಹಿಡಿದುಕೊಂಡರು. ಅರುಣಕುಮಾರನ ಕಣ್ಣಲ್ಲಿ ನೀರು ಬಂತು. ಅಮೋಘಸಿದ್ದ ಫೋನನ್ನು ಜೇಬಿಗಿಟ್ಟು ಡ್ರಮ್ಮಿಗೆ ಕೈ ಮುಗಿದ.

"ದೇವರಂದ್ರ ಬ್ಯಾರೆ ಮಾತು ಬಿಡ್ರಿ. ದೇವರನ್ನ ಸಾಕಿದ್ದಕ್ಕ ಯಾರೂ ಕೇಸ್ ಹಾಕಂಗಿಲ್ಲ."

ಮಾಸ್ತರರು ಬೆಳಿಗ್ಗೆಯಿಂದ ಹಿಡಿದಿದ್ದ ಉಸಿರನ್ನು ಬಿಟ್ಟರು. ಮಾನ ಹೋಗಿತ್ತು, ನೌಕರಿ ಉಳಿದಿತ್ತು. ಮನುಷ್ಯ ಅಷ್ಟಕ್ಕೇ ಎಷ್ಟು ಬೇಗ ಸಮಾಧಾನ ಪಟ್ಟುಕೊಳ್ಳುತ್ತಾನೆ!

"ಅಲ್ರಿ ಸ್ವಾಮಿ," ಅಮೋಘಸಿದ್ದ ಅರುಣಕುಮಾರನತ್ತ ತಿರುಗಿದ. "ಪುರಾಣದಾಗ ಈ ಮೀನು ಪ್ರಳಯ ಯಾವಾಗಂತ ಹೇಳ್ಯದ?"

"ಇಂದಿಗಿ ಏಳನೇ ದಿನಕ್ಕ," ಎಂದ ಅರುಣಕುಮಾರ ಗಂಭೀರವಾಗಿ. "ಅಕ್ಷರ ಅಕ್ಷರ ಹಾಂಗೇ ಅದ."

"ಚಲೋ ಆಯ್ತು." ಅಮೋಘಸಿದ್ದ ಸಂಘದ ಕೋಣೆಯಿಂದ ಒಂದು ಹಾಳೆ, ಪೆನ್ನು ತಂದ. "ಮರಿ ಸಾಕೂ ಸಿಮೆಂಟ್ ತೊಟ್ಟಿ ಖಾಲಿ ಅದ, ದೇವರು ಅಲ್ಲೇ ಇರಲಿ. ಮಾಸ್ತರೂ ಇಲ್ಲೇ ಇದ್ದು ಸೇವಾ ಮಾಡ್ಲಿ. ಮುಂದಿನ ಐತವಾರ ಪ್ರಳಯ ಬಂತು ಅಂದ್ರ ಕೆರಿನೂ ಇಲ್ಲ, ಮರಿನೂ ಇಲ್ಲ, ನಾನೂ ಇಲ್ಲ, ತಕರಾರೇ ಇಲ್ಲ. ಬರಲಿಲ್ಲಂದ್ರ ಇದು ಮಾಂಗೂರ್. ಅವತ್ತ ನಾ ಫೋನ್ ಹಚ್ಚತೀನಿ. ಇಷ್ಟು ಬರದು ಸಹಿ ಮಾಡ್ರಿ."

ಮಾಸ್ತರರು ಹಾಳೆ ನೋಡಿದರು, ಫೋನಿದ್ದ ಜೇಬು ನೋಡಿದರು, ಸಹಿ ಮಾಡಿದರು.

"ಸಾಕ್ಷಿಗಿ ನೀವೊಂದು ಸಹಿ ಹಾಕ್ರಿ ಸ್ವಾಮಿ," ಅಮೋಘಸಿದ್ದ ಪೆನ್ನನ್ನು ಅರುಣಕುಮಾರನಿಗೆ ಚಾಚಿದ. "ಪ್ರಳಯ ಬರಲಿಲ್ಲಂದ್ರ ಕೇಸಿನ್ಯಾಗ ನಿಮ್ಮ ಹೆಸರೂ ಇರ್ತದ."

ಅರುಣಕುಮಾರ ಪೆನ್ನನ್ನು ಕಾದ ತವೆಯಂತೆ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ. ಗಂಟಲು ಸರಿಮಾಡಿಕೊಂಡ.

"ನೋಡ್ರಿ, ಪುರಾಣ ಅಂದಮ್ಯಾಲ ಅದನ್ನ ಹಾಂಗ ಅಕ್ಷರಶಃ ತಗೋಬಾರದು. ಏಳು ದಿನ ಅಂದ್ರ ಏಳು ಯುಗ ಇರಬಹುದು. ಮೀನಂದ್ರ ಅರಿವು, ನೀರಂದ್ರ ಅಜ್ಞಾನ. ಎಲ್ಲಾ ಸಾಂಕೇತಿಕ."

"ಅಯ್ಯ, ನಿನ್ನಿ ಹಾಂಗ ಅನ್ನಲಿಲ್ಲಲ್ಲೋ ನೀ!" ಎಂದು ಶಿವಕಾಂತಮ್ಮ ಗಂಟೆ ಕೆಳಗಿಟ್ಟಳು. "ತಾ ಇಲ್ಲಿ, ನನಗ ಸಹಿ ಬರಂಗಿಲ್ಲ, ಹೆಬ್ಬೆಟ್ಟು ಒತ್ತತೀನಿ. ನಂಬೀನಿ ಅಂದಮ್ಯಾಲ ನಂಬೀನಿ."

ಇಡೀ ಮೆರವಣಿಗೆಯಲ್ಲಿ ನಿಜವಾದ ಆಸ್ತಿಕಳೆಂದರೆ ಆಕೆಯೊಬ್ಬಳೇ. ಆದರೆ ಆಕೆಯ ಹೆಬ್ಬೆರಳು ಶಾಯಿ ಮುಟ್ಟುವ ಮೊದಲೇ ಅರುಣಕುಮಾರ ಅವಳ ರಟ್ಟೆ ಹಿಡಿದು, ಮನೆಯಲ್ಲಿ ಆಕೆಯ ಮೊಮ್ಮಗಳು ಸೃಷ್ಟಿ ದಾರಿ ಕಾಯುತ್ತಿರಬಹುದೆಂದು ಒಂದು ಸ್ಕೂಟರಿನ ಹಿಂದೆ ಕೂರಿಸಿದ. ಎರಡು ನಿಮಿಷದಲ್ಲಿ ಏರಿಯ ಮೇಲೆ ಹೊಗೆ ಮಾತ್ರ ಉಳಿಯಿತು.

ಸೊಹೇಲ್ ಮೀನನ್ನು ತೊಟ್ಟಿಗೆ ಸುರಿದು ಖಾಲಿ ಡ್ರಮ್ಮು ಆಟೋಕ್ಕೇರಿಸಿದ. ಮಾಸ್ತರರು ತೊಟ್ಟಿಯ ಕಟ್ಟೆಗೆ ಕೂತಿದ್ದರು. ಬಿಸಿಲಿಗೆ ತಲೆ ಸುಡುತ್ತಿತ್ತು. ಬೆಳಿಗ್ಗೆ ತೊಳೆಯದೆ ಉಳಿದ ಸಾಬೂನು ಮೈಮೇಲೆ ಒಣಗಿ ತುರಿಸುತ್ತಿತ್ತು.

"ಸೊಹೇಲ್," ಎಂದು ಕರೆದರು. "ಖರೆ ಹೇಳು. ಈ ವಾರದಾಗ ಮಳಿ ಆದೀತೇನು?"

ಸೊಹೇಲ್ ಆಕಾಶ ನೋಡಿದ. ಒಗೆದು ಇಸ್ತ್ರಿ ಮಾಡಿದಂತೆ ನೀಲಿಯಾಗಿತ್ತು.

"ಸರ, ಫೆಬ್ರವರಿ ಅದ."

"ಗೊತ್ತದ. ಆದ್ರೂ... ಏಳು ದಿನ ಬಿಡಲಾರದಂಗ ಹೊಡೆದ್ರ?"

ಸೊಹೇಲ್ ಆಟೋ ಚಾಲೂ ಮಾಡಿ ಹೋದ. ಪಶ್ಚಿಮದಲ್ಲಿ, ಕೆರೆಯ ಆಚೆ, ಅಂಗೈಯಷ್ಟು ಕಪ್ಪನೆಯದೇನೋ ಕಾಣಿಸಿತು. ದೇವೀಂದ್ರಪ್ಪ ಮಾಸ್ತರರು ಥಟ್ಟನೆ ಎದ್ದು ನಿಂತರು. ಅದು ಮೋಡವೋ ಇಟ್ಟಂಗಿ ಭಟ್ಟಿಯ ಹೊಗೆಯೋ ತಿಳಿಯಲಿಲ್ಲ. ಆದರೂ ಆಚೀಚೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಎರಡೂ ಕೈ ಜೋಡಿಸಿ ಅದಕ್ಕೆ ನಮಸ್ಕಾರ ಹಾಕಿದರು.