ಕಿತ್ತಳೆ ಲಕೋಟೆ ಒಡೆಯದವಳು

ಮಾಯ್ವೋರ್: ಅರವತ್ಮೂರಕ್ಕೇ ಕೆಲಸ ಬಿಟ್ಟು ಕೂತ್ರೆ ಹೊಟ್ಟೆಗೇನೋ ತಿಂತೀಯ?

ತೂರೆ: ಪಿಂಚಣಿ ತಿಂತೀನಿ. ಇಷ್ಟು ವರ್ಷ ಬಾಂಡಲ್ಲಿ ಭದ್ರವಾಗಿ ಇಟ್ಟಿಲ್ವಾ? ಜೂನಿಗೆ ಸಾಕು ಅಂತ ನಾಳೆ ಹೆಡ್‌ಮಾಸ್ಟರಿಗೆ ಹೇಳಿಬಿಡ್ತೀನಿ.

ಹೆರ್ನೋಸಾಂಡ್ ಎಂಬ ಚಳಿಯೂರಿನ ಶಾಲೆಯಲ್ಲಿ ಬಾಯ್ಲರು, ಬೀಗ, ಅಂಗಳದ ಹಿಮ ಎಲ್ಲ ತೂರೆಯದೇ ಜವಾಬ್ದಾರಿ. ಹೆಂಡತಿ ಮಾಯ್ವೋರ್ ಅದೇ ಶಾಲೆಯ ಅಡುಗೆಯವಳು. ಮೂವತ್ತು ಚಳಿಗಾಲ ಹಿಮ ಎತ್ತಿ ಎತ್ತಿ ತೂರೆಯ ಸೊಂಟ ಕೈಕೊಟ್ಟಿತ್ತು. ಇನ್ನೊಂದು ಚಳಿಗಾಲ ಅಂದರೆ ಸಾಕು, ಪಾಪ, ಅವನಿಗೆ ಅಳುವೇ ಬರುತ್ತಿತ್ತು. ಮೇಜಿನ ಮೇಲೆ ಪಿಂಚಣಿ ಇಲಾಖೆಯ ಈ ವರ್ಷದ ಕಿತ್ತಳೆ ಲಕೋಟೆಗಳು, ಇಬ್ಬರದೂ ಒಂದೊಂದು.

ತೂರೆ: ನಿನ್ನ ಪಿಂಚಣಿ ದುಡ್ಡು ಯಾವುದ್ರಲ್ಲಿದೆ? ಷೇರಾ, ಬಾಂಡಾ?

ಮಾಯ್ವೋರ್: ಲಕೋಟೆಯಲ್ಲಿದೆ.

ತೂರೆ: ದುಡ್ಡು ಹಾಕೋಕೆ ಫಂಡ್ ಆರಿಸ್ಕೊಳ್ಳಿ ಅಂತ ಹಿಂದೆ ಇಲಾಖೆಯವರು ಪುಸ್ತಕ ಕಳಿಸಿದ್ರಲ್ಲ?

ಮಾಯ್ವೋರ್: ಇಷ್ಟು ದಪ್ಪ ಇತ್ತು. ಬಾಗಿಲು ಹೊಡ್ಕೊಳ್ದಂಗೆ ಒತ್ತು ಕೊಟ್ಟೆ.

ತೂರೆ: ಅಯ್ಯೋ ಪುಣ್ಯಾತ್ಗಿತ್ತಿ, ಆರಿಸ್ದೆ ಇದ್ದವರ ದುಡ್ಡನ್ನ ಸರ್ಕಾರ ತನ್ನ ಫಂಡಿಗೆ ಹಾಕುತ್ತೆ. ಹೆಚ್ಚುಕಮ್ಮಿ ಎಲ್ಲ ಷೇರು. ಎರಡು ಸಾವಿರದ ಎಂಟರಲ್ಲಿ ಪೇಟೆ ಕುಸಿದಾಗ ನಿನ್ನದೂ ಕೊಚ್ಕೊಂಡು ಹೋಯ್ತು.

ಮಾಯ್ವೋರ್: ಹೌದಾ? ಯಾರೂ ಹೇಳ್ಲೇ ಇಲ್ಲ.

ತೂರೆ: ನಾನು ವಾರಗಟ್ಟಲೆ ನಿದ್ದೆ ಮಾಡ್ಲಿಲ್ಲ ಕಣೇ. ಎದ್ದೆದ್ದು ಓಡಾಡ್ತಿದ್ದೆ.

ಮಾಯ್ವೋರ್: ನಾನು ಪ್ರಾಸ್ಟೇಟ್ ಅಂದ್ಕೊಂಡೆ.

ತೂರೆ: ಅದಕ್ಕೇನಾ ಡಾಕ್ಟರ ಹತ್ರ ಅಟ್ಟಿದ್ದು?

ಮಾಯ್ವೋರ್: ಆಮೇಲೆ ಚೆನ್ನಾಗಿ ಮಲಗಿದ್ಯಲ್ಲ.

ತೂರೆ: ಷೇರೆಲ್ಲ ಮಾರಿ ಬಾಂಡಿಗೆ ಹಾಕಿದ್ಮೇಲೆ ಮಲಗಿದ್ದು.

ಮಾಯ್ವೋರ್: ಬಿದ್ದ ಬೆಲೆಗೆ ಮಾರಿದ್ಯಾ?

ತೂರೆ: ಮತ್ತೆ? ಬೀಳ್ದೆ ಇದ್ದಿದ್ರೆ ಯಾಕೆ ಮಾರ್ತಿದ್ದೆ?

ಮಾಯ್ವೋರ್: ಆಲೂಗಡ್ಡೆ ಅಗ್ಗ ಆದ ದಿನ ನಾನು ಮೂಟೆ ತರ್ತೀನಪ್ಪ. ನೀನು ಮನೇಲಿರೋದನ್ನೂ ಮಾರ್ತೀಯ.

ಇವಳಿಗೆ ತಿಳಿಹೇಳುವುದು ತನ್ನಿಂದಾಗದು ಎಂದುಕೊಂಡು ತೂರೆ ಎರಡೂ ಲಕೋಟೆ ಒಡೆದ. ತನ್ನದನ್ನು ಓದಿದ, ಅವಳದನ್ನು ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಅವಳದನ್ನೇ ಓದಿದ.

ಮಾಯ್ವೋರ್: ಏನೂ ಉಳಿದಿಲ್ವಾ?

ತೂರೆ: ನನ್ನದರ ಎರಡರಷ್ಟಿದೆ. ಬಿದ್ದ ಷೇರೆಲ್ಲ ಮತ್ತೆ ಎದ್ದಿವೆ.

ಮಾಯ್ವೋರ್: ಸಂಬಳ ನಿಂದೇ ಜಾಸ್ತಿ ಅಲ್ವಾ?

ತೂರೆ: ಬಾಂಡು ಅಷ್ಟೊಂದು ಬೀಳಲ್ಲ ಕಣೇ.

ಮಾಯ್ವೋರ್: ಎದ್ದಿದ್ರೆ ತಾನೇ ಬೀಳೋಕೆ. ಅಂದ್ಮೇಲೆ ಜೂನಿಗೆ ಮನೇಲಿ ಕೂರಬೇಕಾದವಳು ನಾನು.

ತೂರೆ ಮನಸ್ಸಲ್ಲೇ ಲೆಕ್ಕ ಹಾಕಿದ. ಈ ಸೊಂಟ ಹೊತ್ತುಕೊಂಡು, ಜೊತೆಗೆ ಇವಳೂ ಇಲ್ಲದೆ, ಪೂರ್ತಿ ಪಿಂಚಣಿಯ ವಯಸ್ಸಾಗುವವರೆಗೆ ಇನ್ನೂ ಮೂರು ಚಳಿಗಾಲ. ಅವನು ಚಮಚ ಹಾಕಿ ಕಾಫಿ ಕಲಕಿದ. ಸಕ್ಕರೆ ಹಾಕಿರಲಿಲ್ಲ. ಮಾಯ್ವೋರ್ ಸಕ್ಕರೆ ಡಬ್ಬಿಯನ್ನು ಅವನ ಕಡೆ ಸರಿಸಿದಳು.

ಮಾಯ್ವೋರ್: ಆಯ್ತು, ನೀನೇ ಬಿಡು. ಇನ್ನೆರಡು ವರ್ಷ ನಾನು ಆ ಮಕ್ಕಳಿಗೆ ಬೇಯಿಸಿ ಹಾಕ್ತೀನಿ. ನನ್ನ ದುಡ್ಡು ಇಬ್ಬರಿಗೂ ಆಗೋಷ್ಟು ಬೆಳೀಲಿ. ಆದ್ರೆ ಅದರ ತಂಟೆಗೆ ಹೋಗ್ಬೇಡ. ಏನು ಬಿದ್ರೂ, ಏನು ಎದ್ರೂ, ನೀನು ಏನೂ ಮಾಡ್ಬಾರ್ದು.

ತೂರೆ: ಏನೂ ಮಾಡ್ದೆ ಇರೋಕೆ ತಾನೇ ಮಾರಾಯ್ತಿ, ಬೆಳಗ್ಗೆಯಿಂದ ನಿನ್ನ ಅಪ್ಪಣೆ ಕೇಳ್ತಿರೋದು?