ಪಕ್ಕದ ಮನೆಯ ಮೂಲಂಗಿ

ಒಬ್ಬನೇ ಇರುವವನು ಪಕ್ಕದ ಮನೆಯ ಗಲಾಟೆಯ ಮೇಲೆ ದೂರು ಹೇಳುವ ಮುನ್ನ ಸ್ವಲ್ಪ ಯೋಚಿಸಬೇಕು. ಆ ಸದ್ದೂ ನಿಂತುಬಿಟ್ಟರೆ ಉಳಿಯುವುದು ತನ್ನ ಮನೆಯ ಫ್ರಿಜ್ಜಿನ ಸದ್ದು ಮಾತ್ರ. ನನ್ನ ಹೆಂಡತಿ ಸುಧಾ ಡಲ್ಲಾಸಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ ಹೋದ ಮೇಲೆ, ಸಮರ್‌ಸೆಟ್‌ನ, ಪಕ್ಕದ ಮನೆಗೆ ಗೋಡೆ ಅಂಟಿಕೊಂಡ ಟೌನ್‌ಹೌಸಿನಲ್ಲಿ ಉಳಿದದ್ದು ನಾನು ಮತ್ತು ನನ್ನ ಲ್ಯಾಪ್‌ಟಾಪ್. ಕೆಲಸವೂ ಮನೆಯಿಂದಲೇ ಆದ್ದರಿಂದ ಆಫೀಸಿನವರ ಮುಖವೂ ಕಾಣುವುದಿಲ್ಲ. ಕೆಲವು ದಿನ ನಾನು ಬಾಯಿ ಬಿಡುವುದೇ ಮಧ್ಯಾಹ್ನದ ಮೀಟಿಂಗಿನಲ್ಲಿ. ಅದನ್ನೂ ಯಾರೂ ಕೇಳಿಸಿಕೊಂಡಿರುವುದಿಲ್ಲ, ನಾನು ಮ್ಯೂಟ್‌ನಲ್ಲಿರುತ್ತೇನೆ.

ಹೀಗಿರುವಾಗ ಗೋಡೆಯಾಚೆ ಒಂದು ಪಿಯಾನೊ ಶುರುವಾಯಿತು. ದಿನವೂ ಅದೇ ಪುಟ್ಟ ರಾಗ. ಮುಗಿಯಿತೆನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ. ವಾರ ಕಳೆಯುವುದರೊಳಗೆ ನಾನು ಹಲ್ಲುಜ್ಜುವುದೂ ಅದೇ ತಾಳಕ್ಕೆ ಎಂದಾಯಿತು. ಫೋನಿನಲ್ಲಿ ಸುಧಾಳ ಬಳಿ ಗೋಳು ಹೇಳಿಕೊಂಡೆ. "ರೀ, ನಂಗ್ ಹೇಳಿದ್ರೆ ಡಲ್ಲಾಸಿಂದ ಬಂದು ನಿಲ್ಲಿಸ್ಲಾ? ಹೋಗಿ ಬಾಗಿಲು ತಟ್ಟಿ. ಆ ನೆಪದಲ್ಲಾದ್ರೂ ಒಬ್ರ ಮುಖ ನೋಡಿದ ಹಾಗಾಗತ್ತೆ" ಎಂದಳು.

ಬಾಗಿಲು ತೆರೆದವರು ಎಪ್ಪತ್ತು ದಾಟಿದ, ಕಡ್ಡಿಯಂತಿದ್ದ ಜಪಾನಿ ಹಿರಿಯರು. ಹೆಸರು ಓಗಾವಾ. ನಾನು ಬಾಯಿ ತೆರೆಯುವ ಮೊದಲೇ ಸೊಂಟ ಬಗ್ಗಿಸಿ ಕ್ಷಮೆ ಕೇಳಿಬಿಟ್ಟರು. ಜಗಳಕ್ಕೆ ಹೋದವನು ಚಹಾ ಕುಡಿಯುತ್ತ ಕೂತೆ. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರಂತೆ. ಮಗಳು ಬೆಳಗಾದರೆ ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಹೋಗುತ್ತಾಳೆ. ಅವರು ಅವರ ಇಂಗ್ಲಿಷಿನಲ್ಲಿ ಹೇಳಿದರು, ನಾನು ನನ್ನ ಇಂಗ್ಲಿಷಿನಲ್ಲಿ ಅರ್ಥ ಮಾಡಿಕೊಂಡೆ.

ಓಗಾವಾ ವಿಡಿಯೊ ಗೇಮ್‌ಗಳಿಗೆ ಸಂಗೀತ ಮಾಡಿದವರು. ಸಂಗೀತ ಕಾಲೇಜು ಮುಗಿಸಿ ಆರ್ಕೆಸ್ಟ್ರಾಕ್ಕೆ ಬರೆಯಬೇಕೆಂದಿದ್ದವರಿಗೆ ಸಿಕ್ಕಿದ್ದು ಆಟಗಳ ಕಂಪನಿಯ ಕೆಲಸ. ಆಗಿನ ಗೇಮ್ ಯಂತ್ರಕ್ಕೆ ಒಟ್ಟಿಗೆ ಮೂರೇ ಸ್ವರ ನುಡಿಸಲು ಬರುತ್ತಿತ್ತು. "ನಾಲ್ಕನೆಯದನ್ನು ಆಟ ಆಡುವ ಮಗುವೇ ಮನಸ್ಸಲ್ಲಿ ಹಾಕ್ಕೊಳ್ತಿತ್ತು" ಎಂದರು. ತನ್ನ ಕೆಲಸಗಾರರನ್ನು ಬೇರೆ ಕಂಪನಿಯವರು ಎಳೆದುಕೊಂಡು ಹೋದಾರೆಂಬ ಭಯಕ್ಕೆ ಕಂಪನಿ ಅವರ ನಿಜವಾದ ಹೆಸರನ್ನು ತೆರೆಯ ಮೇಲೆ ಹಾಕುತ್ತಿರಲಿಲ್ಲವಂತೆ. ಇವರಿಗೆ ಕೊಟ್ಟ ಹೆಸರು 'ಮೂಲಂಗಿ'. ಮುಂದೆ ಯಂತ್ರಕ್ಕೆ ಇಡೀ ಆರ್ಕೆಸ್ಟ್ರಾವನ್ನೇ ಕೇಳಿಸಲು ಬಂತು. ಆ ದಿನ ಇವರು ಕುಣಿದಾಡಿದ್ದರು. ಆದರೆ ಕಂಪನಿ, ಹೆಸರುವಾಸಿಯಾದ ಬೇರೆಯವರನ್ನು ಕರೆಸಿಕೊಂಡು, ಇವರನ್ನು ಕ್ಯಾಂಟೀನಿನ ಉಸ್ತುವಾರಿಗೆ ಕಳಿಸಿತು. "ಮೂಲಂಗಿ ಇರಬೇಕಾದ ಜಾಗವೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಚಹಾ ಚೆನ್ನಾಗಿದೆ ಎಂದೆ.

ಆಮೇಲೆ ನಾನು ಆಗಾಗ ಹೋಗತೊಡಗಿದೆ. ಒಂದು ಭಾನುವಾರ ಮಧ್ಯಾಹ್ನ ಮ್ಯಾನ್‌ಹಟನ್‌ನಲ್ಲಿ ಹಳೆಯ ಗೇಮ್‌ಗಳ ಸಂಗೀತ ಕಛೇರಿಯಿತ್ತು. ಇವರು ದಿನವೂ ನುಡಿಸುತ್ತಿದ್ದ ಆ ರಾಗವೂ ಅದರಲ್ಲಿತ್ತು, ಇವರಿಗೆ ಆಹ್ವಾನವಿರಲಿಲ್ಲ. ಮಗಳು ಇಬ್ಬರಿಗೂ ಟಿಕೆಟ್ ತೆಗೆದಿಟ್ಟಿದ್ದಳು. ಅವಳು ಕೆಲಸದ ಮೇಲೆ ಊರು ಬಿಡಬೇಕಾಗಿ ಬಂದು, ಆ ಸೀಟು ನನಗೆ ಸಿಕ್ಕಿತು. ನಮ್ಮ ಹತ್ತಿರದ ಸ್ಟೇಷನ್ ನ್ಯೂ ಬ್ರನ್ಸ್‌ವಿಕ್‌ನಲ್ಲಿ ರೈಲು ಹತ್ತುವಾಗ ನೋಡಿದರೆ ಓಗಾವಾ ಟೈ ಕಟ್ಟಿಕೊಂಡು ಬಂದಿದ್ದರು.

ವೇದಿಕೆ ತುಂಬ ವಾದ್ಯದವರು ಸೇರಿ ಅವರ ರಾಗವನ್ನೆತ್ತಿಕೊಂಡಾಗ ಸುತ್ತ ಕೂತಿದ್ದ ನಡುವಯಸ್ಸಿನ ಗಂಡಸರು ಗಳಗಳ ಅತ್ತರು. ಓಗಾವಾ ಮಾತ್ರ ಪರೀಕ್ಷೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ವಿರಾಮದಲ್ಲಿ ಪಕ್ಕದ ಗಡ್ಡದವನು ಕಣ್ಣೊರೆಸಿಕೊಂಡು ಅವರತ್ತ ತಿರುಗಿದ. "ಅಪ್ಪ ಅಮ್ಮ ಬೇರೆಯಾದ ವರ್ಷ ನಾನು ಈ ಗೇಮನ್ನ ಆಫ್ ಮಾಡ್ತಾನೇ ಇರ್ಲಿಲ್ಲ, ಇದೊಂದನ್ನ ಕೇಳೋಕೆ. ನಿಮ್ಮ ವಯಸ್ಸಿನವರಿಗೆ ಅರ್ಥವಾಗೋದು ಕಷ್ಟ" ಎಂದ.

"ಯಾರು ಮಾಡಿದ್ದು?" ಎಂದು ಓಗಾವಾ ಕೇಳಿದರು.

"ಯಾರೋ ಮೂಲಂಗಿ ಅಂತೆ. ತೀರಿಹೋಗಿರ್ಬೇಕು."

ನನಗೆ ತಡೆಯಲಾಗಲಿಲ್ಲ. "ಇವರೇ ಆ ಮೂಲಂಗಿ" ಎಂದುಬಿಟ್ಟೆ. ಅವನು ಇವರನ್ನು ನೋಡಿದ, ನನ್ನನ್ನು ನೋಡಿದ, ತಲೆ ಕೆಟ್ಟವರನ್ನು ಕಂಡಾಗ ನಗುವ ಹಾಗೆ ಮೆಲ್ಲಗೆ ನಕ್ಕು ತನ್ನ ಫೋನಿನಲ್ಲಿ ಮುಳುಗಿದ. ಓಗಾವಾ ಕಾಫಿ ತರಲು ಎದ್ದರು.

ವಾಪಸು ಬರುವ ರೈಲಿನಲ್ಲಿ, ಆ ರಾಗ ನಿಮ್ಮದೇ ಎಂದು ನೀವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅವನು ಅಪ್ಪ ಅಮ್ಮನನ್ನು ನೆನೆದು ಅಳ್ತಿದ್ದ. ಹೇಳಿದ್ರೆ ಅಳು ಬಿಟ್ಟು ಸೆಲ್ಫಿ ತೆಗೀತಿದ್ದ" ಎಂದರು. ಆಮೇಲೆ ಟೈ ಸಡಿಲಿಸುತ್ತ, "ನನ್ನ ಹೆಂಡತಿ ಇದ್ದಿದ್ರೆ ಇಡೀ ಹಾಲಿಗೆ ಹೇಳಿಬಿಡ್ತಿದ್ಳು. ನನ್ನ ಕೇಳ್ತಾನೇ ಇರ್ಲಿಲ್ಲ" ಎಂದರು.

ಏನಾದರೂ ಸಮಾಧಾನ ಹೇಳಬೇಕಲ್ಲ. "ನನ್ನದೂ ಇದೇ ಕಥೆ" ಎಂದೆ. "ಇನ್ಶೂರೆನ್ಸ್ ಕ್ಲೇಮಿನ ಸಾಫ್ಟ್‌ವೇರ್ ಬರೀತೀನಿ. ಎಷ್ಟೋ ಜನ ಬಳಸ್ತಾರೆ. ನನ್ನ ಹೆಸರು ಎಲ್ಲೂ ಇಲ್ಲ."

ಅವರು ನನ್ನ ಕಡೆ ಪೂರ್ತಿ ತಿರುಗಿ ಕೂತು, ಒಬ್ಬ ಕಲಾವಿದ ಇನ್ನೊಬ್ಬನನ್ನು ವಿಚಾರಿಸುವ ಹಾಗೆ ಕೇಳಿದರು. "ಅದನ್ನು ಬಳಸುವಾಗ ಜನ ಅಳ್ತಾರಾ?"

ಅಷ್ಟು ಗೌರವದಿಂದ ಕೇಳಿದವರಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಅಳ್ತಾರೆ" ಎಂದೆ. "ಹೆಸರು ಹಾಕದೇ ಇರೋದೇ ಒಳ್ಳೇದು."